ತಾಮ್ರಫಲಕದ ಮೇಲಿನ ಕುರ್ಚಿ: ಚಿಪ್ಪೆಂಡೇಲನ ‘ಡೈರೆಕ್ಟರ್’ ಗ್ರಂಥವನ್ನು ಕುರಿತು ಒಂದು ವಿಮರ್ಶೆ

೧

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಅಚ್ಚಾದ ಅಲಂಕಾರಚಿತ್ರಗಳ ಸಂಪುಟಗಳು ಇತಿಹಾಸದ ಅಭ್ಯಾಸಿಗೆ ಒಂದು ತೊಡಕಾದ ಪ್ರಶ್ನೆಯನ್ನು ಒಡ್ಡುತ್ತವೆ. ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಈ ಚಿತ್ರಗಳಲ್ಲಿ ಕುರ್ಚಿ, ಮೇಜು, ಮಂಚ, ಪುಸ್ತಕದ ಬೀರು, ಕನ್ನಡಿಯ ಚೌಕಟ್ಟು, ದೀಪದ ಕಂಬ ಮೊದಲಾದ ಗೃಹೋಪಕರಣಗಳೆಲ್ಲವೂ ಉಂಟು. ಆ ಕಾಲದ ಸಿರಿವಂತರ ಮನೆಗಳ ಒಳಗಣ ನೋಟವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದಾಗ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಬಹುಮಟ್ಟಿಗೆ ಇವುಗಳನ್ನೇ. ಚಿತ್ರವು ಸ್ಫುಟವಾಗಿದೆ, ಅದರ ಮೇಲೆ ತಾರೀಖಿದೆ, ಬರೆದವನ ಹೆಸರಿದೆ. ಇನ್ನೇನು ಬೇಕು ಎಂದು ತೋರುವುದು ಸಹಜ. ಆದರೆ ಆ ಚಿತ್ರದೊಳಗಣ ಕುರ್ಚಿಯಲ್ಲಿ ಯಾರಾದರೂ ಎಂದಾದರೂ ಕುಳಿತಿದ್ದರೇ ಎಂಬ ಸರಳವಾದ ಪ್ರಶ್ನೆಯನ್ನು ಹಾಕಿದೊಡನೆಯೇ ಈ ಭರವಸೆ ಸಡಿಲವಾಗುತ್ತದೆ.

ಈ ಪ್ರಶ್ನೆಗೆ ವಾಡಿಕೆಯಲ್ಲಿ ಎರಡು ಉತ್ತರಗಳಿವೆ. ಒಂದು ಪಕ್ಷದವರು ಚಿತ್ರವನ್ನು ವಸ್ತುವಿನ ದಾಖಲೆಯೆಂದೇ ಗ್ರಹಿಸುತ್ತಾರೆ: ೧೭೫೪ರಲ್ಲಿ ಅಚ್ಚಾದ ಕುರ್ಚಿ ೧೭೫೪ರ ಕುರ್ಚಿ. ಇನ್ನೊಂದು ಪಕ್ಷದವರು ಇವನ್ನೆಲ್ಲ ಕಾಗದದ ಮೇಲಿನ ವಿಲಾಸವೆಂದೂ ಮರದಲ್ಲಿ ಮಾಡಲಾಗದ ಕಲ್ಪನೆಗಳೆಂದೂ ತಳ್ಳಿಹಾಕುತ್ತಾರೆ. ಈ ಎರಡು ಅಭಿಪ್ರಾಯಗಳೂ ಚಿತ್ರದ ಪ್ರಯೋಜನವನ್ನು ವಿಚಾರಿಸದೆ ಅದರ ರೂಪವನ್ನಷ್ಟೇ ನೋಡಿ ಮಾಡಿದ ತೀರ್ಮಾನಗಳೆಂಬುದು ಪ್ರಕೃತ ಲೇಖನದ ವಾದ. ಕೊಳ್ಳುವವನಿಗೂ ಮಾಡುವವನಿಗೂ ನಡುವೆ ನಡೆಯಬೇಕಾದ ಮಾತುಕತೆಗೆಂದು ಮುಂಚಿತವಾಗಿ ಸಿದ್ಧಪಡಿಸಿದ ಪತ್ರಗಳೆಂದು ಇವನ್ನು ಓದಬೇಕು. ಹಾಗೆ ಓದಿದಾಗ ಮಾತ್ರ ಇವುಗಳಿಂದ ಯಾವ ಇತಿಹಾಸವನ್ನು ಬರೆಯಬಹುದು, ಯಾವುದನ್ನು ಬರೆಯಬಾರದು ಎಂಬುದು ತಿಳಿಯುತ್ತದೆ. ಈ ವಾದಕ್ಕೆ ಆಧಾರವಾಗಿ ಇಂಥ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದ, ತಾಮಸ್ ಚಿಪ್ಪೆಂಡೇಲನ ‘ಜಂಟಲ್‌ಮನ್ ಅಂಡ್ ಕ್ಯಾಬಿನೆಟ್-ಮೇಕರ್ಸ್ ಡೈರೆಕ್ಟರ್’ ಎಂಬ ಗ್ರಂಥವನ್ನು ಇಲ್ಲಿ ಪರಿಶೀಲಿಸಿದೆ.

೨

ಚಿಪ್ಪೆಂಡೇಲನ ಗ್ರಂಥವನ್ನು ತಿಳಿಯಬೇಕಾದರೆ ಮೊದಲು ಫ್ರಾನ್ಸಿನ ಕಡೆಗೆ ನೋಡಬೇಕು. ಇಂಗ್ಲೆಂಡಿನ ಬಡಗಿಗಳು ‘ಆಧುನಿಕ ರುಚಿ’ಯೆಂದು ಕರೆದದ್ದು ಪ್ಯಾರಿಸಿನಲ್ಲಿ ರೂಪುಗೊಂಡ ಶೈಲಿಯನ್ನೇ, ಈಗ ನಾವು ಅದನ್ನು ರೊಕೋಕೊ ಎನ್ನುತ್ತೇವೆ. ಚಿಪ್ಪು, ಬಂಡೆ, ಹರಿಯುವ ನೀರು, ಬಳ್ಳಿ ಇವುಗಳ ಆಕಾರಗಳನ್ನು ಬಾಗಿದ ಗೆರೆಗಳಲ್ಲಿ ಹೆಣೆದು, ಎಡಬಲಗಳ ಸಮತೆಯನ್ನು ಬೇಕೆಂದೇ ಮುರಿಯುವುದು ಇದರ ಲಕ್ಷಣ. ಈ ಶೈಲಿಯನ್ನು ಅದರ ಪರಾಕಾಷ್ಠೆಗೆ ಒಯ್ದವರಲ್ಲಿ ಜುಸ್ತ್-ಒರೆಲ್ ಮೆಸ್ಸೊನ್ಯೇ ಒಬ್ಬನು. ೧೬೯೫ರಲ್ಲಿ ಟ್ಯುರಿನ್ ನಗರದಲ್ಲಿ ಹುಟ್ಟಿ ೧೭೫೦ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ ಈತನು ಅಕ್ಕಸಾಲಿಗನೂ ವಾಸ್ತುವಿನ್ಯಾಸಕಾರನೂ ಆಗಿದ್ದನು.

ಮೆಸ್ಸೊನ್ಯೇ ೧೭೨೮ರಲ್ಲಿ ರೂಪಿಸಿದ ಒಂದು ಮೇಣದ ಬತ್ತಿಯ ಕಂಬವನ್ನು ಮೂರು ಫಲಕಗಳಲ್ಲಿ ಮೂರು ದಿಕ್ಕುಗಳಿಂದ ನೋಡಿದಂತೆ ಕೊರೆಯಲಾಯಿತು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಇದರ ಅರ್ಥ ದೊಡ್ಡದು. ಹಿಂದಿನ ದೀಪದ ಕಂಬವನ್ನು ಯಾವ ಕಡೆಯಿಂದ ನೋಡಿದರೂ ರೂಪ ಒಂದೇ. ಅದಕ್ಕೆ ಒಂದು ಚಿತ್ರ ಸಾಕು. ಬುಡದಿಂದ ತುದಿಯವರೆಗೆ ತಿರುಚಿಕೊಂಡು ಏಳುವ ಈ ಕಂಬದ ಒಂದು ಮಗ್ಗುಲನ್ನು ನೋಡಿ ಇನ್ನೊಂದು ಮಗ್ಗುಲನ್ನು ಊಹಿಸುವಂತಿಲ್ಲ. ಅಂದರೆ, ಆಗಲೇ ವಸ್ತುವು ಚಿತ್ರದ ಶಕ್ತಿಯನ್ನು ಮೀರಿತ್ತು. ಮೂರು ಚಿತ್ರಗಳಿದ್ದರೂ ಅವುಗಳ ನಡುವಣ ಜಾಗವನ್ನು ಲೋಹದಲ್ಲಿ ತುಂಬಬೇಕಾದವನು ಕೆಲಸಗಾರನೇ.

ಮೆಸ್ಸೊನ್ಯೇಯ ಚಿತ್ರಗಳನ್ನು ಗಾಬ್ರಿಯೆಲ್ ಯುಕಿಯೇ ಎಂಬ ಪ್ರಕಾಶಕನು ೧೭೪೮ರ ಸುಮಾರಿಗೆ ಒಂದು ದೊಡ್ಡ ಸಂಪುಟವಾಗಿ ಹೊರತಂದನು. ಅದರಲ್ಲಿ ಪೋಲೆಂಡಿನ ಬಿಯೆಲಿನ್ಸ್ಕಿ ಎಂಬ ದೊಡ್ಡ ಅಧಿಕಾರಿಗಾಗಿ ೧೭೩೫ರಲ್ಲಿ ಮಾಡಿಸಿದ ಸೋಫಾದಂಥ, ನಿಜವಾದ ಗಿರಾಕಿಗೆ ಸಂದ ಕೆಲಸಗಳೂ ಉಂಟು. ಕಾರಂಜಿ, ಮೆಟ್ಟಲುಸಾಲು, ಚಿಪ್ಪುಗಳು ಒಂದರೊಳಗೊಂದು ಬೆರೆತ, ಎಲ್ಲಿಯೂ ಕಟ್ಟಲಾಗದ ಕಲ್ಪನೆಗಳೂ ಉಂಟು. ಎರಡನ್ನೂ ಒಂದೇ ಬಗೆಯ ಗೆರೆಯಿಂದ, ಒಂದೇ ಶ್ರದ್ಧೆಯಿಂದ ಕೊರೆದಿದೆ. ಯಾವುದು ನಡೆದದ್ದು, ಯಾವುದು ನೆನೆದದ್ದು ಎಂಬುದನ್ನು ಚಿತ್ರದ ಮುಖದಿಂದ ಅರಿಯುವುದು ಸಾಧ್ಯವಿಲ್ಲ. ಅದರ ಕೆಳಗಣ ಬರಹವನ್ನು ಓದಬೇಕು, ಇಲ್ಲವೇ ಹೊರಗಿನ ಸಾಕ್ಷ್ಯವನ್ನು ಹುಡುಕಬೇಕು.

ಈ ಶೈಲಿಗೆ ಅದು ಹುಟ್ಟಿದೂರಿನಲ್ಲಿಯೇ ವಿರೋಧವು ಬೇಗನೆ ತಲೆಯೆತ್ತಿತು. ೧೭೫೪ರ ಡಿಸೆಂಬರಿನಲ್ಲಿ ಚಿತ್ರಕಾರ ಕೊಶಾಂ ‘ಮೆರ್ಕ್ಯೂರ್ ದ ಫ್ರಾನ್ಸ್’ ಪತ್ರಿಕೆಯಲ್ಲಿ ಅಕ್ಕಸಾಲಿಗರಿಗೂ ಮರದ ಕೆತ್ತನೆಗಾರರಿಗೂ ಒಂದು ಹಾಸ್ಯದ ಬಿನ್ನಹವನ್ನು ಬರೆದನು. ನೆಟ್ಟಗಿರಬೇಕಾದ ದೀಪದ ಕಂಬವನ್ನು ಯಾರೋ ತಿರುಚಿ ಕೆಡಿಸಿದಂತೆ ಮಾಡಬೇಡಿರಿ, ತರಕಾರಿಯನ್ನು ನಿಜವಾದ ಗಾತ್ರದಲ್ಲಿ ಕೆತ್ತಿ ಅದರ ಪಕ್ಕದಲ್ಲಿ ಬೆರಳಿನಷ್ಟುದ್ದದ ಮೊಲವನ್ನು ಕೂರಿಸಬೇಡಿರಿ ಎಂಬುದು ಅದರ ಧಾಟಿ. ಗಮನಿಸಬೇಕಾದ ವಿಷಯವೆಂದರೆ, ಪ್ಯಾರಿಸಿನಲ್ಲಿ ಈ ಶೈಲಿ ನಗೆಗೀಡಾದ ವರ್ಷವೂ ಲಂಡನ್ನಿನಲ್ಲಿ ಚಿಪ್ಪೆಂಡೇಲನ ಗ್ರಂಥ ಪ್ರಕಟವಾದ ವರ್ಷವೂ ಒಂದೇ. ಅಚ್ಚಿನ ಚಿತ್ರವು ಒಂದು ಕಡೆ ಮುಪ್ಪಾದ ಅಭಿರುಚಿಯನ್ನು ಇನ್ನೊಂದು ಕಡೆ ಹೊಸದೆಂಬಂತೆ ಒಪ್ಪಿಸಬಲ್ಲದು. ಆದ್ದರಿಂದ ಚಿತ್ರದ ಮೇಲಿನ ತಾರೀಖು ಅಚ್ಚಾದ ಊರಿನ ತಾರೀಖು. ಅದನ್ನು ಶೈಲಿಯ ತಾರೀಖೆಂದು ತಿಳಿಯಲಾಗದು.

೩

ಯಾರ್ಕ್‌ಷೈರಿನ ಓಟ್ಲಿ ಎಂಬ ಊರಿನಲ್ಲಿ ೧೭೧೮ರಲ್ಲಿ ಜನಿಸಿದ ಚಿಪ್ಪೆಂಡೇಲನು ೧೭೫೪ರ ವೇಳೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಕಾರ್ಖಾನೆಯನ್ನಿಟ್ಟಿದ್ದನು. ‘ಡೈರೆಕ್ಟರ್’ ಗ್ರಂಥದ ಮೊದಲ ಮುದ್ರಣದಲ್ಲಿ ೧೬೦ ಫಲಕಗಳಿದ್ದುವು. ಎರಡನೆಯದು ೧೭೫೫ರಲ್ಲಿಯೂ, ಬಹಳ ಫಲಕಗಳನ್ನು ಬದಲಿಸಿ ೨೦೦ಕ್ಕೆ ಏರಿಸಿದ ಮೂರನೆಯದು ೧೭೬೨ರಲ್ಲಿಯೂ ಹೊರಬಂದುವು. ಮೊದಲ ಮುದ್ರಣಕ್ಕೆ ಮುಂಗಡ ಚಂದಾ ಕೊಟ್ಟವರು ಮುನ್ನೂರಕ್ಕೂ ಹೆಚ್ಚು ಮಂದಿ. ಆ ಪಟ್ಟಿಯಲ್ಲಿ ಕುಲೀನ ಪ್ರಭುಗಳ ಹೆಸರುಗಳೊಡನೆ ಬಡಗಿಗಳು, ಕೆತ್ತನೆಗಾರರು, ಗಾದಿ ಹೊದಿಸುವವರು ಇವರ ಹೆಸರುಗಳೂ ಸೇರಿವೆ. ಗ್ರಂಥದ ಹೆಸರಿನಲ್ಲಿಯೇ ಈ ಇಬ್ಬರು ಓದುಗರೂ ಇದ್ದಾರೆ: ಒಬ್ಬ ಸಿರಿವಂತ ಗೃಹಸ್ಥ, ಇನ್ನೊಬ್ಬ ಬಡಗಿ. ಒಂದೇ ಪುಟವನ್ನು ಇಬ್ಬರೂ ನೋಡಬೇಕು. ಆದರೆ ಇಬ್ಬರು ಕಾಣಬೇಕಾದುದು ಒಂದೇ ಅಲ್ಲ.

ಗ್ರಂಥದ ರಚನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲಲ್ಲಿ ವಾಸ್ತುಶಾಸ್ತ್ರದ ಐದು ಸ್ತಂಭಕ್ರಮಗಳ ಚಿತ್ರಗಳಿವೆ. ಚಿಪ್ಪುಬಳ್ಳಿಗಳ ಕನ್ನಡಿ ಚೌಕಟ್ಟಿಗೂ ಡೋರಿಕ್ ಸ್ತಂಭಕ್ಕೂ ಸಂಬಂಧವೇನು? ಮರಗೆಲಸವು ವಿದ್ಯಾವಂತರ ಕಲೆಯ ನೆಲೆಗೆ ಸೇರಿದ್ದೆಂದು ಗೃಹಸ್ಥನಿಗೆ ಮನಗಾಣಿಸುವುದೇ ಇಲ್ಲಿಯ ಉದ್ದೇಶವೆಂದು ತೋರುತ್ತದೆ. ಮುಂದೆ ಅನೇಕ ಬೀರುಗಳ ಪಕ್ಕದಲ್ಲಿ ಅಂಚುಪಟ್ಟಿಗಳ ಅಡ್ಡಕೊಯ್ತವನ್ನು ದೊಡ್ಡದಾಗಿ ಬರೆದು ಅಳತೆಗೋಲನ್ನು ಕೊಟ್ಟಿದೆ. ಇದು ಬಡಗಿಗೆ ಹೇಳಿದ ಮಾತು. ಆದರೆ ಮರದ ಜೋಡಣೆ ಹೇಗೆ, ಎಲ್ಲಿ ಸರೇಸು ಹಾಕಬೇಕು, ಯಾವ ಭಾಗವನ್ನು ಬೇರೆ ತುಂಡಿನಿಂದ ಕೆತ್ತಿ ಸೇರಿಸಬೇಕು ಎಂಬುದರ ಬಗ್ಗೆ ಗ್ರಂಥವು ಬಹುಮಟ್ಟಿಗೆ ಮೌನವಾಗಿದೆ. ಅದು ಬಡಗಿಗೆ ಗೊತ್ತಿದ್ದ ವಿಷಯ. ಗೃಹಸ್ಥನಿಗೆ ಬೇಡವಾದ ವಿಷಯ.

ಕುರ್ಚಿಗಳ ಫಲಕಗಳು ಇನ್ನೂ ಬೋಧಪ್ರದವಾಗಿವೆ. ಒಂದು ಕುರ್ಚಿಯ ಎಡಗಾಲು ಒಂದು ಬಗೆಯದು, ಬಲಗಾಲು ಇನ್ನೊಂದು ಬಗೆಯದು. ಕನ್ನಡಿಯ ಚೌಕಟ್ಟುಗಳಲ್ಲಿಯೂ ಹಲವೆಡೆ ಎಡಭಾಗದ ಅಲಂಕಾರವನ್ನು ಬಲಭಾಗದಲ್ಲಿ ಕಾಣುವುದಿಲ್ಲ. ರೊಕೋಕೊ ಶೈಲಿಯು ಸಮತೆಯನ್ನು ಮುರಿಯುತ್ತದೆಂದು ಓದಿದ ವಿದ್ಯಾರ್ಥಿ ಇದನ್ನೂ ಅದೇ ಲಕ್ಷಣವೆಂದು ಬರೆದುಬಿಡುವ ಅಪಾಯ ಉಂಟು. ಚೌಕಟ್ಟುಗಳ ವಿಷಯದಲ್ಲಿ ಅದು ಒಮ್ಮೊಮ್ಮೆ ನಿಜವೂ ಆಗಬಹುದು. ಕುರ್ಚಿಯ ಕಾಲುಗಳ ವಿಷಯದಲ್ಲಿ ಮಾತ್ರ ಅದು ಶುದ್ಧ ತಪ್ಪು. ಎರಡು ಬಗೆಯ ಕಾಲುಗಳ ಕುರ್ಚಿಯನ್ನು ಯಾರೂ ಮಾಡಿಸುತ್ತಿರಲಿಲ್ಲ. ಇದು ಬೇಕೋ ಅದು ಬೇಕೋ ಆರಿಸಿಕೊಳ್ಳಿರಿ ಎಂದು ಒಂದೇ ತಗಡಿನಲ್ಲಿ ಎರಡು ಮಾದರಿಗಳನ್ನು ಅಡಕಮಾಡಿದ ಮಿತವ್ಯಯ ಅದು. ಹಾಗಾದರೆ ಚಿತ್ರದಲ್ಲಿ ಇಡಿಯಾಗಿ ಕಾಣುವ ಕುರ್ಚಿ ಎಲ್ಲಿಯೂ ಇರಲಿಲ್ಲ, ಇರಬೇಕೆಂಬ ಉದ್ದೇಶವೂ ಇರಲಿಲ್ಲ. ಅದರಿಂದ ಹುಟ್ಟಬಹುದಾಗಿದ್ದವು ಕಡಮೆಯೆಂದರೆ ಎರಡು ಕುರ್ಚಿಗಳು. ಒರಗು, ಕಾಲು, ಅಂಚು ಇವನ್ನು ಫಲಕದಿಂದ ಫಲಕಕ್ಕೆ ಬದಲಿಸಿಕೊಂಡರೆ ಹತ್ತಾರು. ಇಂಥ ಚಿತ್ರವನ್ನು ವಸ್ತುವಿನ ದಾಖಲೆಯೆನ್ನುವುದು ಪಂಚಾಂಗವನ್ನು ದಿನಚರಿಯೆಂದು ಓದಿದಂತೆ.

ದಾಖಲೆಯೆನ್ನಬಹುದಾದ ಚಿತ್ರ ಹೇಗಿರುತ್ತದೆಂಬುದಕ್ಕೆ ಅದೇ ದಶಕದ ಇನ್ನೊಂದು ಗ್ರಂಥವು ನಿದರ್ಶನವಾಗಿದೆ. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಕ್ಯಾಂಟನ್ನಿಗೆ ಹೋಗಿಬಂದಿದ್ದ ವಿಲಿಯಂ ಚೇಂಬರ್ಸ್ ೧೭೫೭ರಲ್ಲಿ ಚೀಣದ ಕಟ್ಟಡಗಳು ಮತ್ತು ಗೃಹೋಪಕರಣಗಳ ಚಿತ್ರಗಳನ್ನು ಪ್ರಕಟಿಸಿದನು. ತಾನು ಅಲ್ಲಿ ಕಂಡದ್ದನ್ನು ತೋರಿಸುವುದು ಅವನ ಉದ್ದೇಶ. ಚಿಪ್ಪೆಂಡೇಲನ ‘ಚೀಣೀ’ ಕುರ್ಚಿಗಳಿಗೆ ಅಂಥ ಹೊಣೆಯಿಲ್ಲ. ಅವುಗಳ ಒರಗಿನಲ್ಲಿ ಜಾಲರಿಯ ಕೆಲಸವಿದೆ. ಕುರ್ಚಿಯ ಮೈಕಟ್ಟು ಮಾತ್ರ ಇಂಗ್ಲೆಂಡಿನದೇ. ಅವು ಹೆಂಗಸರ ಅಲಂಕಾರದ ಕೊಠಡಿಗೆ, ಅದರಲ್ಲಿಯೂ ಗೋಡೆಗೆ ‘ಇಂಡಿಯಾ ಕಾಗದ’ವನ್ನು ಹೊದಿಸಿದ್ದರೆ, ಬಹಳ ಒಪ್ಪುತ್ತವೆಂದು ಅವನು ಸೂಚಿಸುತ್ತಾನೆ. ಆ ಕಾಗದ ತಯಾರಾಗುತ್ತಿದ್ದುದು ಚೀಣದಲ್ಲಿ. ಅದಕ್ಕೆ ನಮ್ಮ ದೇಶದ ಹೆಸರು ಬಂದದ್ದು ಅದನ್ನು ತಂದ ಕಂಪನಿಯಿಂದ. ಚೀಣವೂ ಇಂಡಿಯವೂ ಅಲ್ಲಿ ದೇಶಗಳ ಹೆಸರುಗಳಾಗಿ ಉಳಿದಿಲ್ಲ. ಬಟ್ಟೆಯ ಬಣ್ಣಗಳ ಹೆಸರಿನಂತೆ ಆಗಿವೆ. ‘ಗಾಥಿಕ್’ ಕುರ್ಚಿಗಳ ವಿಷಯವೂ ಇಷ್ಟೇ: ಮಧ್ಯಯುಗದ ಚೂಪು ಕಮಾನನ್ನು ಕುರ್ಚಿಯ ಒರಗಿನೊಳಗೆ ಇಳಿಸಿದೆ. ಗ್ರಂಥದ ನಿಜವಾದ ದೌರ್ಬಲ್ಯ ಇಲ್ಲಿದೆ. ಇವೆರಡು ರುಚಿಗಳಲ್ಲಿ ಅಲಂಕಾರವು ಮೇಲುಹೊದಿಕೆಯಾಗಿ ನಿಲ್ಲುತ್ತದೆ. ಫ್ರೆಂಚ್ ರುಚಿಯ ಅತ್ಯುತ್ತಮ ಫಲಕಗಳಲ್ಲಿ ಮಾತ್ರ ಅಲಂಕಾರವೂ ಆಕಾರವೂ ಒಂದಾಗಿ ಬೆಳೆಯುತ್ತವೆ. ಗಂಟುಹಾಕಿದ ನಾಡಾಗಳ ರೂಪದ ಒರಗುಳ್ಳ ಮೂರು ಕುರ್ಚಿಗಳ ಫಲಕ ಇದಕ್ಕೆ ಸಾಕ್ಷಿ. ತಾನು ಕಂಡವುಗಳಲ್ಲೆಲ್ಲ ಇವೇ ಉತ್ತಮವೆಂದು ಚಿಪ್ಪೆಂಡೇಲನೇ ಹೇಳಿಕೊಂಡಿದ್ದಾನೆ. ವ್ಯಾಪಾರಿಯ ಹೊಗಳಿಕೆಯೆಂದು ಬದಿಗಿಟ್ಟರೂ ಆ ಮಾತಿನಲ್ಲಿ ವಿವೇಕವಿಲ್ಲದೆ ಇಲ್ಲ.

೪

ಇನ್ನು ಇವು ಮಾಡಲಾಗದ ಕಲ್ಪನೆಗಳೆಂಬ ಪಕ್ಷವನ್ನು ನೋಡೋಣ. ಈ ಆಕ್ಷೇಪ ಚಿಪ್ಪೆಂಡೇಲನ ಕಾಲದಲ್ಲಿಯೇ ಇತ್ತು. ಇವು ಕಣ್ಣಿಗೆ ಚೆಂದ, ಯಾವ ಕೆಲಸಗಾರನಿಂದಲೂ ಆಗದು ಎಂದು ಕೆಲವರು ಹೇಳಬಹುದೆಂದು ಊಹಿಸಿ, ಅದು ಮತ್ಸರದ, ಅಜ್ಞಾನದ, ಅಸಾಮರ್ಥ್ಯದ ಮಾತೆಂದು ಅವನು ಮುನ್ನುಡಿಯಲ್ಲಿ ಉತ್ತರಿಸಿದ್ದಾನೆ. ಅಷ್ಟೇ ಅಲ್ಲದೆ, ಯಾವ ಚಿತ್ರವನ್ನಾದರೂ ಕೆಲಸದಲ್ಲಿ ಇನ್ನಷ್ಟು ಸುಂದರವಾಗಿ ಮಾಡಿಕೊಡಬಲ್ಲೆನೆಂದೂ ಭರವಸೆ ಕೊಟ್ಟಿದ್ದಾನೆ. ಈ ಎರಡನೆಯ ಮಾತು ಮುಖ್ಯ. ಚಿತ್ರವೇ ಕೊನೆಯ ರೂಪವಲ್ಲವೆಂದು ಗ್ರಂಥಕರ್ತನೇ ಒಪ್ಪಿದಂತಾಯಿತು.

ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ತಾಮ್ರದ ಮೇಲೆ ಸೂಜಿ ಯಾವ ದಿಕ್ಕಿಗಾದರೂ ಸಲೀಸಾಗಿ ಹರಿಯುತ್ತದೆ, ಮರಕ್ಕೆ ಎಳೆಯುಂಟು. ಎಳೆಗೆ ಅಡ್ಡವಾಗಿ ಸಣ್ಣ ಬಳ್ಳಿಯನ್ನು ಕೆತ್ತಿದರೆ ಉಳಿಯ ಒಂದು ಪೆಟ್ಟಿಗೆ ಅದು ಮುರಿದುಬೀಳುತ್ತದೆ. ಗೆರೆಗೆ ತೂಕವಿಲ್ಲ, ಮರದ ಬಳ್ಳಿ ತನ್ನ ತೂಕವನ್ನೂ ಮೇಣದ ಬತ್ತಿಯ ತೂಕವನ್ನೂ ಹೊರಬೇಕು. ಹೀಗಿದ್ದರೂ ಸಾಧ್ಯಾಸಾಧ್ಯಗಳ ಗೆರೆಯನ್ನು ನಾವು ಪುಸ್ತಕದ ಮುಂದೆ ಕುಳಿತು ಎಳೆಯಲಾಗದು. ಲಂಡನ್ನಿನ ತಾಮಸ್ ಜಾನ್ಸನ್ ಎಂಬ ಕೆತ್ತನೆಗಾರನು ೧೭೫೮ರಲ್ಲಿ ಪೂರ್ಣಗೊಳಿಸಿದ ಸಂಪುಟವು ‘ಡೈರೆಕ್ಟರ್’ಗಿಂತಲೂ ಹೆಚ್ಚು ಸ್ವಚ್ಛಂದವಾದುದು. ಫ್ರೆಂಚರ ವಿರೋಧಿಗಳ ಸಂಘವೊಂದರ ಅಧ್ಯಕ್ಷನಿಗೆ ಅವನು ಅದನ್ನು ಅರ್ಪಿಸಿದ್ದಾನೆ. ಒಳಗಿರುವುದೆಲ್ಲ ಫ್ರೆಂಚ್ ರುಚಿಯೇ ಎಂಬುದು ಬೇರೆ ಮಾತು. ತೊಟ್ಟಿಕ್ಕುವ ನೀರು, ಬಂಡೆ, ಹೆಣೆದುಕೊಂಡ ಜಲಚರಗಳು ಇವುಗಳಿಂದ ತುಂಬಿದ ಅವನ ಚಿತ್ರಗಳನ್ನು ನೋಡಿದವರು ಇವು ಕಾಗದಕ್ಕೇ ಮೀಸಲೆನ್ನಬಹುದು. ಆದರೆ ಇಂಗ್ಲೆಂಡಿನ ಹ್ಯಾಗ್ಲಿ ಹಾಲ್ ಎಂಬ ಮನೆಗೆ ಅದೇ ಕಾಲದಲ್ಲಿ ಮಾಡಿಸಿದ, ತಿರುಚಿಕೊಂಡ ಡಾಲ್ಫಿನ್ ಮೀನುಗಳ ದೀಪದ ಕಂಬಗಳು ಇಂದಿಗೂ ಉಳಿದಿವೆ. ಅವು ಜಾನ್ಸನ್ನನ ಚಿತ್ರವನ್ನು ಬಹುಮಟ್ಟಿಗೆ ಅನುಸರಿಸಿವೆ. ಯಾವುದನ್ನು ಮಾಡಬಹುದೆಂಬುದನ್ನು ಗೊತ್ತುಮಾಡಿದ್ದು ಒಬ್ಬ ಕೆತ್ತನೆಗಾರನ ಕೈ.

ಆ ಕೈಯ ವಿಷಯದಲ್ಲಿ ನಮ್ಮ ವಿದ್ವಾಂಸರು ಸಾಕಷ್ಟು ಯೋಚಿಸಿಲ್ಲವೆಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ದೂರು. ೧೯೨೯ರಲ್ಲಿ ಫಿಸ್ಕ್ ಕಿಂಬಲ್ ಮತ್ತು ಎಡ್ನಾ ಡಾನೆಲ್ ಎಂಬ ಅಮೆರಿಕನ್ ವಿದ್ವಾಂಸರು, ‘ಡೈರೆಕ್ಟರ್’ ಗ್ರಂಥದ ವಿನ್ಯಾಸಗಳ ಹಿಂದಿದ್ದವರು ಚಿಪ್ಪೆಂಡೇಲನಿಗಿಂತ ಮೊದಲೇ ಇಂಗ್ಲೆಂಡಿನಲ್ಲಿ ಈ ಶೈಲಿಯ ಫಲಕಗಳನ್ನು ಪ್ರಕಟಿಸಿದ್ದ ಮಥಾಯಸ್ ಲಾಕ್ ಮತ್ತು ಹೆನ್ರಿ ಕೋಪ್ಲಂಡ್ ಎಂದು ವಾದಿಸಿದರು. ಹೆಸರು ವ್ಯಾಪಾರಿಯದು, ಪ್ರತಿಭೆ ಇತರರದು ಎಂಬುದು ಅದರ ಸಾರ. ಈ ವಾದ ಮುಂದೆ ನಿಲ್ಲಲಿಲ್ಲ. ೧೯೭೮ರಲ್ಲಿ ಕ್ರಿಸ್ಟಫರ್ ಗಿಲ್ಬರ್ಟ್ ಬರೆದ ಬೃಹದ್ಗ್ರಂಥವು ವಿನ್ಯಾಸದ ಶ್ರೇಯಸ್ಸನ್ನು ಚಿಪ್ಪೆಂಡೇಲನಿಗೇ ಹಿಂದಿರುಗಿಸಿತು. ಗಿಲ್ಬರ್ಟರ ತೀರ್ಮಾನವೇ ಸರಿಯಾದುದು. ಆದರೂ ಎರಡು ಪಕ್ಷಗಳೂ ಒಂದು ನಂಬಿಕೆಯನ್ನು ಹಂಚಿಕೊಂಡಿವೆ: ಪೆನ್ಸಿಲಿನಿಂದ ಬರೆದವನೇ ಕರ್ತೃವೆಂಬ ನಂಬಿಕೆ. ಫಲಕಗಳ ಅಡಿಯಲ್ಲಿ ರೂಪಿಸಿದವನ ಹೆಸರಿನೊಡನೆ ಕೊರೆದವನ ಹೆಸರೂ ಇದೆ. ಮೊದಲ ಮುದ್ರಣದ ಹೆಚ್ಚಿನ ಫಲಕಗಳನ್ನು ಕೊರೆದವನು ಮಥಾಯಸ್ ಡಾರ್ಲಿ. ಕುರ್ಚಿಯ ಮೇಲೆ ನೆರಳು ಎಲ್ಲಿ ಬೀಳಬೇಕು, ಎಲೆಯ ಅಂಚು ಎಷ್ಟು ಚೂಪಾಗಿರಬೇಕು ಎಂಬುದನ್ನು ನಾವು ಕಾಣುವುದು ಅವನ ಗೆರೆಯಲ್ಲಿ. ಅವನ ತರುವಾಯದ ಮೂರನೆಯವನು, ಮರದಲ್ಲಿ ಆ ಎಲೆಗೆ ದಪ್ಪವನ್ನು ಕೊಟ್ಟವನು, ಎಲ್ಲಿಯೂ ಹೆಸರಿಲ್ಲದವನು.

೫

ಫಲಕಗಳು ಸಮುದ್ರವನ್ನು ದಾಟಿದ ಮೇಲೆ ಏನಾಯಿತೆಂಬುದು ಈ ಮೂರನೆಯವನ ಪಾತ್ರವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ‘ಪಾಂಪಡೂರ್’ ಎಂಬ ಅಡ್ಡಹೆಸರಿನ ಎತ್ತರವಾದ ಒಂದು ಖಾನೆಪೆಟ್ಟಿಗೆಯಿದೆ. ೧೭೬೦ರ ದಶಕದ ಮೊದಲ ಭಾಗದಲ್ಲಿ ಫಿಲಡೆಲ್ಫಿಯದಲ್ಲಿ ತಯಾರಾದ ಈ ಪೆಟ್ಟಿಗೆಯ ಕೆಳಗಣ ದೊಡ್ಡ ಖಾನೆಯ ಮೇಲೆ ಹಂಸಗಳ ಮತ್ತು ಹಾವಿನ ಕೆತ್ತನೆಯುಂಟು. ಅದರ ಮೂಲ ೧೭೬೨ರಲ್ಲಿ ಅಚ್ಚಾದ ಜಾನ್ಸನ್ನನ ಒಂದು ಫಲಕ. ಮೇಲ್ಭಾಗದ ಅಂಚಿನ ಮೂಲ ‘ಡೈರೆಕ್ಟರ್’ ಗ್ರಂಥದ ಮೂರನೆಯ ಮುದ್ರಣ. ಕಾಲುಗಳ ಮೇಲೆ ನಿಂತ ಎತ್ತರದ ಖಾನೆಪೆಟ್ಟಿಗೆಯಾದರೋ ಇಂಗ್ಲೆಂಡಿನಲ್ಲಿ ಆಗಲೇ ಬಳಕೆ ತಪ್ಪಿದ್ದ ವಸ್ತು. ‘ಡೈರೆಕ್ಟರ್’ನಲ್ಲಿ ಅದರ ಚಿತ್ರವೇ ಇಲ್ಲ. ಅಂದರೆ ಲಂಡನ್ನಿನ ಎರಡು ಪುಸ್ತಕಗಳಿಂದ ಬಿಡಿಬಿಡಿಯಾದ ತುಣುಕುಗಳನ್ನು ಆರಿಸಿ, ಲಂಡನ್ನಿನವರು ಬಿಟ್ಟುಬಿಟ್ಟಿದ್ದ ಒಂದು ವಸ್ತುವಿನ ಮೇಲೆ ಕೂಡಿಸಿ ಹೊಸದೊಂದನ್ನು ಮಾಡಿದ್ದಾರೆ. ಇದನ್ನು ಅನುಕರಣೆಯೆನ್ನುವುದು ಅನ್ಯಾಯ. ಫಲಕಗಳು ಯಾವ ಬಳಕೆಗಾಗಿ ಹುಟ್ಟಿದ್ದವೋ ಅದೇ ಬಳಕೆ ಇದು.

ಇನ್ನು ಚಿಪ್ಪೆಂಡೇಲನ ಸ್ವಂತ ಕೆಲಸವನ್ನು ತೆಗೆದುಕೊಳ್ಳೋಣ. ೧೭೫೯ರಲ್ಲಿ ಸ್ಕಾಟ್ಲೆಂಡಿನ ಡಮ್‌ಫ್ರೀಸ್ ಹೌಸಿಗೆ ಅವನು ಒದಗಿಸಿದ ವಸ್ತುಗಳು ಗ್ರಂಥದ ಶೈಲಿಗೆ ಹತ್ತಿರವಾಗಿವೆ. ಆದರೆ ಹೇರ್‌ವುಡ್ ಹೌಸಿಗೆ ೧೭೭೩ರಲ್ಲಿ ೮೬ ಪೌಂಡುಗಳಿಗೆ ಮಾಡಿಕೊಟ್ಟ, ಡಯಾನ ಮತ್ತು ಮಿನರ್ವ ದೇವತೆಯರ ಚಿತ್ರಗಳನ್ನು ಬಣ್ಣಬಣ್ಣದ ಮರದಲ್ಲಿ ಕೂರಿಸಿದ ಪ್ರಸಿದ್ಧ ಖಾನೆಮೇಜಿನಂಥದು ಗ್ರಂಥದ ಯಾವ ಮುದ್ರಣದಲ್ಲಿಯೂ ಇಲ್ಲ. ಅದು ರೋಮನ್ ಪ್ರಾಚೀನತೆಯಿಂದ ಪ್ರೇರಿತವಾದ ಹೊಸ ಶೈಲಿ. ೧೭೬೨ರ ತರುವಾಯ ಅವನು ಅತ್ಯುತ್ತಮವಾಗಿ ದುಡಿದದ್ದು ಆ ಶೈಲಿಯಲ್ಲಿ. ಹೀಗೆ ಅವನಿಗೆ ಹೆಸರು ತಂದ ಗ್ರಂಥದಲ್ಲಿ ಅವನ ಶ್ರೇಷ್ಠ ಕೃತಿಗಳ ಸುಳಿವಿಲ್ಲ. ಅವನ ಹೆಸರನ್ನು ಹೊತ್ತು ಮಾರಾಟವಾಗುವ ‘ಚಿಪ್ಪೆಂಡೇಲ್ ಶೈಲಿ’ಯ ಸಾಮಾನುಗಳಲ್ಲಿ ಜನರು ಮೊದಲು ಹುಡುಕುವ ಗುರುತು, ಹಕ್ಕಿಯ ಉಗುರು ಚೆಂಡನ್ನು ಹಿಡಿದಂತಿರುವ ಪಾದ. ಆ ಪಾದ ‘ಡೈರೆಕ್ಟರ್’ನ ಒಂದು ಕುರ್ಚಿಗೂ ಇಲ್ಲ. ಪುಸ್ತಕವು ಒಂದು ಹೆಸರನ್ನು ಕೊಟ್ಟಿತು; ಹೆಸರು ಪುಸ್ತಕವನ್ನೂ ಮನುಷ್ಯನನ್ನೂ ಬಿಟ್ಟು ತನ್ನ ದಾರಿ ಹಿಡಿಯಿತು.

೧೭೯೦ರ ದಶಕದ ಆರಂಭದಲ್ಲಿ ತಾಮಸ್ ಶೆರಟನ್ ತನ್ನ ಚಿತ್ರಪುಸ್ತಕವನ್ನು ಪ್ರಕಟಿಸಿದಾಗ, ಚಿಪ್ಪೆಂಡೇಲನ ವಿನ್ಯಾಸಗಳು ತಮ್ಮ ಕಾಲಕ್ಕೆ ಉತ್ತಮವಾಗಿದ್ದರೂ ಈಗ ಹಳತಾಗಿ ಮೂಲೆಗೆ ಸೇರಿದವೆಂದು ಬರೆದನು. ಮೂರನೆಯ ಮುದ್ರಣವಾಗಿ ಆಗ ಮೂವತ್ತು ವರ್ಷ. ಕಸಬಿನವನ ದೃಷ್ಟಿಯಿಂದ ಆ ಮಾತು ಸರಿ: ಮಾತುಕತೆ ಮುಗಿದ ಮೇಲೆ ಪತ್ರದಿಂದ ಪ್ರಯೋಜನವಿಲ್ಲ. ಇತಿಹಾಸಕಾರನಿಗೆ ಮಾತ್ರ ಅದರ ಪ್ರಯೋಜನ ಆಗ ಮೊದಲಾಗುತ್ತದೆ. ಗೃಹಸ್ಥರು ಏನನ್ನು ಬಯಸಬಹುದೆಂದು ಒಬ್ಬ ಜಾಣ ಬಡಗಿ ಎಣಿಸಿದ್ದನು, ಯಾವ ಆಯ್ಕೆಗಳನ್ನು ಅವರ ಮುಂದಿಟ್ಟನು, ಯಾವುದನ್ನು ತನ್ನ ಕಾರ್ಖಾನೆಯ ಜಾಣ್ಮೆಗೆ ಬಿಟ್ಟುಕೊಂಡನು ಎಂಬುದಕ್ಕೆ ‘ಡೈರೆಕ್ಟರ್’ಗಿಂತ ಉತ್ತಮ ಸಾಕ್ಷ್ಯ ದುರ್ಲಭ. ೧೭೫೪ರ ಮನೆಗಳಲ್ಲಿ ಏನಿತ್ತೆಂಬುದನ್ನು ತಿಳಿಯಲು ಲೆಕ್ಕಪತ್ರಗಳನ್ನೂ ಮನೆಸಾಮಾನಿನ ಪಟ್ಟಿಗಳನ್ನೂ ಉಳಿದಿರುವ ವಸ್ತುಗಳನ್ನೂ ನೋಡಬೇಕು. ತರಗತಿಯಲ್ಲಿ ಈ ಫಲಕಗಳನ್ನು ತೋರಿಸುವ ಅಧ್ಯಾಪಕರು ಕುರ್ಚಿಯ ಎರಡು ಕಾಲುಗಳನ್ನು ಹೋಲಿಸಿ ನೋಡಿರೆಂದು ವಿದ್ಯಾರ್ಥಿಗಳಿಗೆ ಮೊದಲು ಹೇಳಿದರೆ, ಉಳಿದ ಪಾಠವನ್ನು ಆ ಕಾಲುಗಳೇ ಹೇಳುತ್ತವೆ.